ಭೀಮಕ್ಕನ ಜೋಗುಳದ ಪೆಟ್ಟಿಗೆ

ಫ್ಲಾಪಿಗೆ ಬೂಷ್ಟು ಹಿಡಿದದ್ದೇ ಅಂಜಿನಮೂರ್ತಿಯ ಆ ದಿನದ ಫಜೀತಿಗೆಲ್ಲ ಮೂಲ.

ಮಧುಗಿರಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಅವನು, ಮುಚ್ಚಿಹೋದ ಯಾವುದೋ ಸ್ಟುಡಿಯೋದಿಂದ ಹಳೆಯ ಸ್ಯಾಂಪ್ಲರ್ ಒಂದನ್ನು ತಂದಿದ್ದ. ಯಾವ ಸದ್ದನ್ನಾದರೂ ಹಿಡಿದಿಟ್ಟುಕೊಂಡು, ಹಾರ್ಮೋನಿಯಮ್ಮಿನಂತೆ ಕೀ ಒತ್ತಿದಾಗೆಲ್ಲ ನುಡಿಸುವ ಪೆಟ್ಟಿಗೆ ಅದು. ಎಡಗಡೆಯ ಕೀ ಒತ್ತಿದರೆ ಹೆಂಡತಿ ಪವಿತ್ರಳ ದನಿ ಪೈಲ್ವಾನನದಾಗುತ್ತಿತ್ತು, ಬಲಗಡೆಯದು ಒತ್ತಿದರೆ ಸೊಳ್ಳೆಯದು. ನೆನಪಿನ ಶಕ್ತಿ ಮಾತ್ರ ಒಂದು ಉಸಿರಿನಷ್ಟು. ಫ್ಲಾಪಿ ಡಿಸ್ಕಿಗೆ ಇಳಿಸದೆ ಸ್ವಿಚ್ಚು ಆರಿಸಿದರೆ ಅದೂ ಮಾಯ. ಆದರೆ ಅದರೊಳಗೆ ಹಾದು ಬಂದ ದನಿಗೆ ಸೌದೆ ಒಲೆಯಲ್ಲಿ ಕಾಯಿಸಿದ ಹಾಲಿನ ರುಚಿ ಬರುತ್ತದೆಂದು ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಬಡವನಹಳ್ಳಿಯಿಂದ ಬಂದಿದ್ದ ಅತ್ತೆ ಭೀಮಕ್ಕ ಬೆಳಿಗ್ಗೆ ಅದರ ಮೈಕಿನೆದುರು ಜೋಗುಳದ ಒಂದು ಸಾಲು ಹಾಡಿದಳು. ಸಂಜೆ ಊರಲ್ಲಿ ಕಿರಿಮಗಳು ವನಜಾಕ್ಷಿಯ ಕೂಸಿಗೆ ತೊಟ್ಟಿಲ ಶಾಸ್ತ್ರವಿತ್ತು. ತೊಟ್ಟಿಲಿಗೆ ಬಟ್ಟೆ ತರಲು ಪೇಟೆಗೆ ಹೋದ ಭೀಮಕ್ಕ, ಅಂಗಡಿಯವನೊಂದಿಗೆ ಚೌಕಾಸಿ ಮಾಡಿ ಮಾಡಿ ಗಂಟಲು ಕಟ್ಟಿಸಿಕೊಂಡು ಬಂದಳು. ಬಾಯಿ ತೆರೆದರೆ ಪಂಕ್ಚರಾದ ಟೈರಿನ ಸದ್ದು. ಅಜ್ಜಿ ಹಾಡದೆ ತೊಟ್ಟಿಲು ತೂಗಿದ್ದು ಆ ಮನೆಯಲ್ಲಿ ಇಲ್ಲವೇ ಇಲ್ಲ. ಪವಿತ್ರ ಕಣ್ಣು ತುಂಬಿಕೊಂಡಳು.

"ಅತ್ತೆ ದನಿ ಪೆಟ್ಟಿಗೇಲೈತೆ ಕಣೆ, ತಗಂಡೋಗಾನ," ಎಂದ ಅಂಜಿನಮೂರ್ತಿ. ಇದ್ದೊಂದು ಫ್ಲಾಪಿ ಬೂಷ್ಟು ಹಿಡಿದಿರುವುದು ಗೊತ್ತಾದದ್ದು ಆಮೇಲೆ. ಅಂದರೆ ಸಂಜೆಯವರೆಗೂ ಪೆಟ್ಟಿಗೆಯನ್ನು ಆರಿಸುವಂತಿಲ್ಲ.

ಮನೆ ಮಾಲೀಕ ರಂಗಯ್ಯನಿಗೆ ಎಲ್ಲಿ ಕರೆಂಟು ಉರಿದರೂ ತನ್ನ ಹೊಟ್ಟೆಯೇ ಉರಿದಂತಾಗುತ್ತಿತ್ತು. ಒಳಗೆ ಬಂದವನು ಖಾಲಿ ಕೋಣೆಯಲ್ಲಿ ಕೆಂಪು ದೀಪ ಕಂಡು ಸ್ವಿಚ್ಚಿಗೆ ಕೈ ಚಾಚಿದ. ಅಂಜಿನಮೂರ್ತಿ ಊಟದ ತಟ್ಟೆ ಬಿಟ್ಟು ಹಾರಿ ಬಂದು, ಸಾರಿನ ಕೈಯಲ್ಲೇ ಆ ಕೈ ಹಿಡಿದುಕೊಂಡ. ರಂಗಯ್ಯ ಮುನಿಸಿಕೊಂಡು ಇಳಿದುಹೋದ. ಹೋಗುವಾಗ ಮೆಟ್ಟಿಲ ಕೆಳಗಿನ ಮೇನ್ ಸ್ವಿಚ್ಚನ್ನೇ ಆರಿಸಿದ. ಪುಣ್ಯಕ್ಕೆ ಪೆಟ್ಟಿಗೆಯನ್ನು, ಕರೆಂಟು ಹೋದರೆ ಕೊಂಚ ಹೊತ್ತು ಎಳೆಯುವ ಯುಪಿಎಸ್‌ಗೆ ಜೋಡಿಸಲಾಗಿತ್ತು. ಅದು ಕೀಂ ಕೀಂ ಎಂದು ಪ್ರಾಣ ಹೋಗುವ ಸೂಚನೆ ಕೊಡತೊಡಗಿತು.

ಪೆಟ್ಟಿಗೆ, ಯುಪಿಎಸ್ ಎರಡನ್ನೂ ಅವಳಿ ಮಕ್ಕಳಂತೆ ತಬ್ಬಿಕೊಂಡು ಅಂಜಿನಮೂರ್ತಿ ಬೀದಿಗೆ ಓಡಿ, ಚಿಕ್ಕನರಸಯ್ಯನ ಪ್ರಚಾರದ ಆಟೋ ತಡೆದ. ಅದರಲ್ಲಿ ಮೈಕಿಗೆಂದು ಬ್ಯಾಟರಿ, ಇನ್ವರ್ಟರ್ ಎರಡೂ ಇದ್ದವು. ಅತ್ತೆ, ಹೆಂಡತಿ ಹತ್ತಿದರು. ಚಿಕ್ಕನರಸಯ್ಯ ಕೇಳದೆಯೇ ಉಪಕಾರ ಮಾಡುವ ಮನುಷ್ಯ. ಯುಪಿಎಸ್ ಅನ್ನು ಇನ್ವರ್ಟರಿಗೆ ಜೋಡಿಸಿದ್ದಲ್ಲದೆ, ಪೆಟ್ಟಿಗೆಯ ವೈರನ್ನು ಆಟೋ ಮೇಲಿನ ಮೈಕಿಗೂ ಸಿಕ್ಕಿಸಿದ.

ರಸ್ತೆಯ ಮೊದಲ ಹಂಪಿನಲ್ಲಿ ಅಂಜಿನಮೂರ್ತಿಯ ಮೊಣಕೈ ಎಡಗಡೆಯ ಕೀ ಮೇಲೆ ಬಿತ್ತು. ಪೈಲ್ವಾನನ ದನಿಯ ಜೋಗುಳ ಹೊಲಗಳ ಮೇಲೆಲ್ಲ ಹರಡಿತು. ಕೆಲಸ ಬಿಟ್ಟು ಬಂದ ಜನ, ಯಾವ ಪಾರ್ಟಿ, ಯಾವಾಗ ಓಟು ಎಂದು ವಿಚಾರಿಸಿದರು.

"ಯಾವ್ ಪಾರ್ಟಿನೂ ಅಲ್ಲ ಕಣ್ರಪ್ಪ, ನಮ್ಮಕ್ಕ ಕೂಸು ಮಲಗುಸ್ತಾವ್ಳೆ," ಎಂದ ಚಿಕ್ಕನರಸಯ್ಯ.

ಎರಡನೆಯ ಹಂಪಿನಲ್ಲಿ ಬ್ಯಾಟರಿಯ ವೈರು ಕಳಚಿ, ಯುಪಿಎಸ್ ಮತ್ತೆ ಕೀಂ ಎಂದಿತು. ಅಂಜಿನಮೂರ್ತಿ ಆ ವೈರನ್ನು ಊರು ತಲುಪುವವರೆಗೂ ಕೈಯಲ್ಲೇ ಒತ್ತಿ ಹಿಡಿದ. ಮೂಗು ತುರಿಸಿದಾಗ ಪವಿತ್ರ ತುರಿಸಿಕೊಟ್ಟಳು.

ಬಡವನಹಳ್ಳಿಯಲ್ಲಿ ಬೆಳಿಗ್ಗೆಯಿಂದ ಅಳುತ್ತಿದ್ದ ಕೂಸಿನ ಸುತ್ತ ಹೆಂಗಸರು ಸೇರಿದ್ದರು. ಅಂಜಿನಮೂರ್ತಿ ಯುಪಿಎಸ್ ಅನ್ನು ಮನೆಯ ಕರೆಂಟಿಗೆ ಸಿಕ್ಕಿಸಿ, ನಡುವಿನ ಕೀ ಒತ್ತಿದ. ಕೊಂಚ ಒರಟಾಗಿ, ಬೆಚ್ಚಗೆ, ಭೀಮಕ್ಕನ ದನಿ ಬಂತು. ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕೂಸು ಕಣ್ಣು ಮುಚ್ಚಿತು. ಅಂಜಿನಮೂರ್ತಿಯ ಎದೆ ಪೂರಿಯಂತೆ ಉಬ್ಬಿತು.

ವನಜಾಕ್ಷಿ ಮೊಬೈಲನ್ನು ಪೆಟ್ಟಿಗೆಯ ಪಕ್ಕ ಹಿಡಿದು ಹಾಡನ್ನು ರೆಕಾರ್ಡ್ ಮಾಡಿಕೊಂಡಳು.

"ಭಾವ, ಬೆಳಿಗ್ಗೇನೇ ಇಂಗ್ ಮಾಡಿ ವಾಟ್ಸಾಪ್‌ಗೆ ಆಕಿದ್ರೆ ಆಗಿರದಲ್ವಾ?"

ಅಂಜಿನಮೂರ್ತಿ ಹೆಂಡತಿಯ ಕಡೆ ನೋಡಿದ. ಪವಿತ್ರ ತೊಲೆಯ ಕಡೆ ನೋಡಿದಳು. ಅವನು ಪೆಟ್ಟಿಗೆ ಆರಿಸಲು ಕೈ ಚಾಚಿದ. ಅಷ್ಟರಲ್ಲಿ ಕೂಸು ಎದ್ದಿತು.

ಮೊಬೈಲು ಹಾಡಿತು. ಕೂಸು ಕಿರುಚಿತು. ಬಿಸಿನೀರು ಕುಡಿದು ಗಂಟಲು ಬಿಟ್ಟಿದ್ದ ಭೀಮಕ್ಕ ತಾನೇ ಹಾಡಿದಳು. ಕೂಸು ಇನ್ನೂ ಜೋರಾಗಿ ಕಿರುಚಿತು. ಅಂಜಿನಮೂರ್ತಿ ಕೀ ಒತ್ತಿದ. ಕೂಸು ತೆಪ್ಪಗಾಯಿತು. ಬೆರಳು ತೆಗೆದ, ಅದರ ತುಟಿ ನಡುಗಿತು.

"ನನಗಿಂತ ಅದೇ ಚಂದಾಗಿ ಆಡ್ತೈತೆ ಬುಡಪ್ಪ," ಎಂದಳು ಭೀಮಕ್ಕ ನೆಮ್ಮದಿಯಿಂದ. "ಕೂಸು ಒಂದೀಟು ದೊಡ್ಡದಾಗೋಗಂಟ ನೀನೂ ಇಲ್ಲೇ ಇರು."

ಪವಿತ್ರ ಅಂಗಡಿಯ ಬೀಗದ ಕೈ ಕೇಳಿ ಇಸಿದುಕೊಂಡಳು. ಅಂಜಿನಮೂರ್ತಿಗೆ ತೊಟ್ಟಿಲ ಪಕ್ಕದಲ್ಲೇ ಸ್ಟೂಲು ಹಾಕಿದರು. ಎಡಗೈ ಕೀ ಮೇಲೆ, ಬಲಗೈಗೆ ತುಪ್ಪ ಸುರಿದ ಒಬ್ಬಟ್ಟು. ಮುರಿಯಲು ಇನ್ನೊಂದು ಕೈ ಇರಲಿಲ್ಲ. ಇಡಿಯಾಗಿಯೇ ಕಚ್ಚಿದ. ತುಪ್ಪ ಮೊಣಕೈವರೆಗೆ ಇಳಿಯಿತು. ಪೆಟ್ಟಿಗೆ ಹಾಡುತ್ತಲೇ ಇತ್ತು, ಅವನೂ ಸಣ್ಣಗೆ ದನಿಗೂಡಿಸಿದ.