ನನ್ನ ಕಾಡುಗಳು ಹಾಳಾದ ಬಗೆ

ಪ್ರತಿ ಭಾನುವಾರ ಮಧ್ಯಾಹ್ನ ನಾನೊಂದು ಕಾಡು ಹುಟ್ಟಿಸುತ್ತೇನೆ. ಸಂಜೆ ಕಾಫಿ ಬರುವಷ್ಟರಲ್ಲಿ ಅದು ಹಾಳಾಗಿರುತ್ತದೆ. ಇದು ತಪ್ಪಿದ್ದೇ ಇಲ್ಲ.

ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ನನಗೊಂದು ಹುಚ್ಚು: ಪಾತ್ರ ಕಟ್ಟಿ ಆಡುವ ಆಟ. ಒಬ್ಬ ಮಾಯಾಲೋಕದ ಕತೆ ಹೇಳಬೇಕು, ಉಳಿದವರು ಆ ಕತೆಯೊಳಗೆ ಒಂದೊಂದು ಪಾತ್ರವಾಗಿ ಬಾಳಬೇಕು. ಸೋಲು ಗೆಲುವನ್ನು ದಾಳ ತೀರ್ಮಾನಿಸುತ್ತದೆ. ನನ್ನ ಆಸೆ ಒಂದೇ. ನನ್ನ ಕಾಡಿನ ಮರಕ್ಕಾಗಿಯೋ ಮೃಗಕ್ಕಾಗಿಯೋ ಒಂದು ಸಲವಾದರೂ ಯಾರದಾದರೂ ಕರುಳು ಚುರುಕ್ ಅನ್ನಬೇಕು, ಆ ಕಾಡು ಉಳಿಯಬೇಕು.

ಆಡಲು ಸಿಕ್ಕವರು ಮೂವರು: ಪಕ್ಕದ ಬೀದಿಯಲ್ಲಿ ಮರದ ಆಟಿಕೆ ಮಾಡುವ ಭಾಯ್, ಅಕ್ಕೂರಿನ ರೇಷ್ಮೆ ಬೆಳೆಗಾರ, ಸಾತನೂರು ಕಡೆಯ ಬಸ್ ಕಂಡಕ್ಟರ್. ದಾಳವನ್ನು ಭಾಯ್ ಅವರೇ ಮಾಡಿಕೊಟ್ಟರು. ಮಕ್ಕಳ ಸಾಮಾನು ಮಾಡಿ ಪಳಗಿದ ಕೈ, ಚುಚ್ಚಬಾರದೆಂದು ಮೂಲೆಗಳನ್ನೆಲ್ಲ ಉಜ್ಜಿ ನುಣುಪು ಮಾಡಿಬಿಟ್ಟಿದ್ದರು. ಎಸೆದರೆ ನಿಲ್ಲುವುದಿಲ್ಲ. ನಮ್ಮ ಅರ್ಧ ಆಟ ಮಂಚದ ಕೆಳಗೇ ನಡೆಯುತ್ತದೆ.

ಮರದ ಹೆಣ್ಣು

ಮೊದಲ ಕಾಡಿನಲ್ಲಿ ಮಾತಾಡುವ ಮರವೊಂದನ್ನು ನಿಲ್ಲಿಸಿದೆ. ಸಾವಿರ ವರ್ಷದ ಹೆಣ್ಣು ಮರ, ಮನುಷ್ಯರ ದನಿ ಕೇಳಲು ಕಾದವಳು. ದನಿ ನಡುಗಿಸಿ, "ಯಾರಪ್ಪಾ ನನ್ನ ನೆರಳಿಗೆ ಬಂದವರು?" ಅಂದೆ.

ಭಾಯ್ ಮುಂದಕ್ಕೆ ಬಾಗಿದರು. "ಯಾವ ಮರ ಮೇಷ್ಟ್ರೇ?"

ಅವರಿಗೆ ಖುಷಿಯಾಗಲಿ ಅಂತ, "ಆಲೆ ಮರ" ಅಂದೆ. ಆಟಿಕೆಯವರೆಲ್ಲ ಹುಡುಕಿಕೊಂಡು ಅಲೆಯುವುದು ಅದನ್ನೇ ಎಂಬುದು ಆ ಕ್ಷಣಕ್ಕೆ ನನಗೆ ಹೊಳೆಯಲಿಲ್ಲ.

"ಆಲೆನಾ! ಎಷ್ಟು ದಪ್ಪ ಇದೆ? ಗಂಟು ಜಾಸ್ತಿ ಇದೆಯಾ?"

"ಭಾಯ್, ಅವಳು ಮಾತಾಡ್ತಿದ್ದಾಳೆ! ತನ್ನ ದುಃಖ ಹೇಳಿಕೊಳ್ತಿದ್ದಾಳೆ!"

"ಹೇಳ್ಲಿ ಹೇಳ್ಲಿ," ಅಂದರು ಭಾಯ್, ಕಿವಿಗೊಟ್ಟು. "ದನಿ ಕೇಳಿದ್ರೇ ಗೊತ್ತಾಗ್ತದೆ, ಒಳಗೆ ಟೊಳ್ಳಿಲ್ಲ."

ಜ್ವರ

ಈ ಮೂವರು ತಾವೇ ಪಾತ್ರ ಕಟ್ಟಿದರೆ ಅಕ್ಕರೆ ಹುಟ್ಟೀತು ಅನ್ನಿಸಿತು. ಪಾಠ ಮಾಡಿದೆ: "ಒಂದು ಜೀವಿ ಆರಿಸಿಕೊಳ್ಳಿ. ಅದಕ್ಕೊಂದು ಆಸೆ, ಒಂದು ಭಯ, ಒಂದು ದೌರ್ಬಲ್ಯ ಇರಲಿ. ಮೂರೂ ಅದರ ಸ್ವಭಾವದಿಂದಲೇ ಬರಬೇಕು."

ಅಕ್ಕೂರಿನವನು ತಕ್ಷಣ, "ನಾನು ರೇಸ್ಮೆ ಉಳ ಸಾ, ಉಳಗಳ ರಾಣಿ" ಅಂದ. ಆಸೆ, ಹಿಪ್ಪುನೇರಳೆ ಸೊಪ್ಪು. ಭಯ, ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ. ದೌರ್ಬಲ್ಯ, ಜ್ವರ. ಹುಳ ಪೊರೆ ಬಿಡುವಾಗ ತಿನ್ನದೆ, ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಎಂಥ ಪಾತ್ರ! ನನ್ನ ಕಣ್ಣೇ ತುಂಬಿ ಬಂತು.

ರಾಕ್ಷಸರ ದಂಡು ಕಾಡಿಗೆ ನುಗ್ಗಿತು. "ಏಳು ರಾಣಿ, ಹೋರಾಡು!" ಅಂದೆ.

"ಆಗಾಕಿಲ್ಲ ಸಾ. ಜ್ವರಕ್ಕೆ ಕೂತವ್ಳೆ. ಈಗ ಮುಟ್ಟಂಗಿಲ್ಲ." ಆಮೇಲೆ, ಹುಳದ ಮನೆಗೆ ಹೊರಗಿನವರು ನುಗ್ಗಿದರೆಂಬಂತೆ, ರಾಕ್ಷಸರ ಕಡೆ ತಿರುಗಿ ಗದರಿದ: "ಏಯ್, ಚಪ್ಲಿ ಆಚೆ ಬುಡ್ರಲಾ! ಬ್ಲೀಚಿಂಗ್ ನೀರ್ನಾಗೆ ಕಾಲ್ ಅದ್ಕಂಡು ಒಳಿಕ್ ಬನ್ನಿ!"

ನನ್ನ ರಾಕ್ಷಸರು ಕಾಲು ತೊಳೆದುಕೊಂಡು ಸಾಲಾಗಿ ನಿಂತರು. ರಾಣಿ ಜ್ವರದಿಂದ ಎದ್ದವಳೇ ಕಾಡಿನ ಸೊಪ್ಪನ್ನೆಲ್ಲ ತಿಂದು ಮುಗಿಸಿದಳು, ಗೂಡು ಕಟ್ಟಿದಳು. ಇನ್ನೇನು ಚಿಟ್ಟೆಯಾಗಿ ಹಾರಿ ಕಾಡನ್ನು ಮತ್ತೆ ಚಿಗುರಿಸಬೇಕು, ಅಷ್ಟರಲ್ಲಿ ಅವನು ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಹಾಕಿ ಬಂದಿದ್ದ.

"ಅಯ್ಯೋ, ಅದು ನೀನೇ ಕಣಯ್ಯಾ! ಒಳಗಿದ್ದದ್ದು ನೀನೇ!"

"ನಾನೇ ಆದ್ರೇನ್ ಸಾ, ಗೂಡು ಕಟ್ಟಿದ್ ಮ್ಯಾಕೆ ಮಡಿಕಂಡಿರಕ್ಕಾಯ್ತದಾ? ತೂತಾಗೋಯ್ತದೆ."

ಗಜರಾಜ

ಇನ್ನು ದೊಡ್ಡ ಮೃಗವೇ ಬೇಕು ಅಂದುಕೊಂಡೆ. ಕಾಡಿನ ಹುಟ್ಟಿನ ಗುಟ್ಟನ್ನು ಬಲ್ಲ ಮುದಿ ಆನೆ. ಬೆಳದಿಂಗಳಲ್ಲಿ ಬಂದು, ಮಂಡಿಯೂರಿ, ಆ ಗುಟ್ಟನ್ನು ಆಟಗಾರರ ಕಿವಿಯಲ್ಲಿ ಹೇಳಿ ಪ್ರಾಣ ಬಿಡಬೇಕು. ಬರೆಯುವಾಗ ನಾನೇ ಅತ್ತಿದ್ದೆ.

"ಪೊದೆ ಸರಿಸಿ ಆನೆ ಬಂತು..." ಅಂದೆ, ಅಷ್ಟೇ. ಕಂಡಕ್ಟರ್ ಎದ್ದು ನಿಂತ. ಆನೆ ತುಳಿದ ಹೊಲಗಳ ನಡುವೆಯೇ ಅವನು ಬೆಳೆದದ್ದು.

"ಒಂಟಿಯೋ ಹಿಂಡೋ ಸಾ? ಲೇ, ಪಟಾಕಿ ತಗಳ್ಲಾ! ಭಾಯ್, ತಮಟೆ ಬಡೀರಿ!"

ಮೂವರೂ ಸೇರಿ ಮಂಚ, ಕುರ್ಚಿ, ನನ್ನ ಕಾಫಿ ಲೋಟ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದರು. ಗಜರಾಜ ಕಂಗಾಲಾಗಿ ಹಳ್ಳ ದಾಟಿ ಓಡಿದ.

"ಅವನು ಗುಟ್ಟು ಹೇಳೋಕೆ ಬಂದಿದ್ದ ಕಣ್ರೋ!" ಅಂತ ಕೂಗಿಕೊಂಡೆ.

ಕಂಡಕ್ಟರ್ ಬೆವರು ಒರೆಸಿಕೊಂಡ. "ಪಕ್ಕದ ಫಾರೆಸ್ಟ್ ರೇಂಜ್‌ನೋರ್ಗೆ ಯೋಳ್ಕಳ್ಲಿ ಬುಡಿ ಸಾ."

ಹಸಿರವ್ವ

ಅವತ್ತು ಹೆಂಡತಿಗೆ ಹೇಳಿದೆ: "ಇನ್ನೊಂದೇ ಸಲ. ಈ ಕಾಡೂ ಉಳೀದಿದ್ರೆ ಆಟ ಬಿಡ್ತೀನಿ. ಆಟದ ರೂಮು ನಿನ್ನ ರಾಗಿ ಮೂಟೆಗೆ."

"ಮೂಟೆ ತರಿಸ್ಲಾ?" ಅಂದಳು.

ಇದ್ದಬದ್ದ ಜೀವವನ್ನೆಲ್ಲ ಹಾಕಿ ಹಸಿರವ್ವನನ್ನು ಕಟ್ಟಿದೆ. ಅರಳಿ ಮರದ ಮುದುಕಿ. ಕೊಂಬೆಯ ಹಕ್ಕಿಗಳೇ ಮಕ್ಕಳು. ಅವುಗಳೆಲ್ಲ ಹಾರಿಹೋಗಿ ತಾನೊಬ್ಬಳೇ ಉಳಿದೇನೆಂಬ ಭಯ. ಕೊಡಲಿ ಹಿಡಿದ ರಾಕ್ಷಸ ಅವಳತ್ತ ಹೊರಟಿದ್ದಾನೆ. ಹೇಳಿ ಮುಗಿಸಿದಾಗ ಭಾಯ್ "ಪಾಪ" ಅಂದರು. ಕಂಡಕ್ಟರ್ ತಲೆ ತಗ್ಗಿಸಿದ. ಅಕ್ಕೂರಿನವನು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು, "ಅವ್ವನ್ನ ನಾವ್ ಕಾಯ್ತೀವಿ ಸಾ, ನಮ್ಗೆ ಬುಡಿ" ಅಂದ.

ಇಷ್ಟು ವರ್ಷಕ್ಕೆ ಗೆದ್ದೆ! ಕುಣಿಯುತ್ತಾ ಕಾಫಿ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಮೂವರೂ ಬೇಕಾದ್ದನ್ನೆಲ್ಲ ಮಾಡಿ ಮುಗಿಸಿದ್ದರು.

"ಅವ್ವನ ಸುತ್ತ ಕಟ್ಟೆ ಕಟ್ಸಿದ್ವಿ ಸಾ," ಅಂದ ಅಕ್ಕೂರಿನವನು.

"ಒಳ್ಳೇದು."

"ಟೈಲ್ಸ್ ಆಕ್ಸಿದ್ವಿ. ಬೇರು ಅಡ್ಡ ಬಂದ್ವು, ತೆಗ್ಸಿದ್ವಿ."

ಕಾಫಿ ಕೊಡುವುದನ್ನೂ ಮರೆತು, "ಬೇರಾ?" ಅಂದೆ.

"ಮೇಲೆ ಶೀಟ್ ಹಾಕೋಕೆ ಕೊಂಬೆ ಸವರಿಸಿದ್ವಿ," ಅಂದರು ಭಾಯ್. "ಮಂಟಪದ ಕಂಬ ನಾನೇ ಕಡೆದಿದ್ದು, ಬಣ್ಣ ನೋಡ್ಬೇಕು ನೀವು."

"ಹಕ್ಕಿಗಳು?"

"ಗಲೀಜ್ ಮಾಡ್ತಾವೆ ಅಂತ ಬಲೆ ಕಟ್ಸಿದ್ವಿ," ಅಂದ ಕಂಡಕ್ಟರ್. "ಆಮೇಕೆ ಜನ ಬತ್ತಾರಲ್ಲ, ಗಾಡಿ ನಿಲ್ಸಕ್ಕೆ ಕಾಡ್ನ ಒಸಿ ಕಿಲೀನ್ ಮಾಡ್ಸಿದ್ವಿ."

"ಒಸಿ ಅಂದ್ರೆ?"

"ಬೆಟ್ಟದ ಗಂಟ."

ದುಃಖ ತಡೆಯಲಾರದೆ ರಾಕ್ಷಸನನ್ನು ಆಗಲೇ ಕರೆದುಬಿಟ್ಟೆ. ಕಾಫಿ ತಟ್ಟೆ ಹಿಡಿದುಕೊಂಡೇ ಅಬ್ಬರಿಸಿದೆ: "ಎಲ್ಲಿ ಆ ಕಾಡು? ಕಡಿಯಲು ಬಂದಿದ್ದೇನೆ!"

"ಬಾರಣ್ಣ," ಅಂದ ಕಂಡಕ್ಟರ್ ಸಮಾಧಾನವಾಗಿ. "ಕೊಡ್ಲಿನ ಅಲ್ಲಿ ಚಪ್ಲಿ ಬುಡೋ ಜಾಗ್ದಾಗೆ ಮಡಗಿ, ಲೈನ್‌ನಾಗೆ ಬಾ."

ನನ್ನ ರಾಕ್ಷಸ ಸುತ್ತ ನೋಡಿದ. ಕಡಿಯಲು ಒಂದು ಕಡ್ಡಿಯೂ ಉಳಿದಿರಲಿಲ್ಲ. ನಾನು ತಟ್ಟೆ ಕೆಳಗಿಟ್ಟು ಅಲ್ಲೇ ಕೂತೆ, ನಿಜವಾಗಿಯೂ ಕಣ್ಣೀರು ಬಂತು. ಬಾಗಿಲಲ್ಲಿ ಇಣುಕಿದ ಹೆಂಡತಿ ಮೂಟೆ ಇಡುವ ಮೂಲೆಯನ್ನು ಕಣ್ಣಲ್ಲೇ ಅಳೆದಳು.

ಅಕ್ಕೂರಿನವನು ಬಂದು ನನ್ನ ಕೈ ಹಿಡಿದುಕೊಂಡ. ಅವನ ಕಣ್ಣೂ ಇನ್ನೂ ಒದ್ದೆಯಾಗಿತ್ತು.

"ಅಳ್ಬ್ಯಾಡಿ ಸಾ. ಅವ್ವನ ಮ್ಯಾಲೆ ಒಂದ್ ಕೊಡ್ಲಿ ಏಟು ಬಿದ್ದಿಲ್ಲ. ಎಲ್ಲಾ ಮಿಸಿನ್ನಾಗೇ ಕುಯ್ಸಿದ್ದು."