ಕರಡಿಯನ್ನು ದಾಟಿಸಿದವನು ಮಗಳನ್ನು ದಾಟಿಸಿದ್ದು

“ಕರಡಿಯನ್ನೇ ಹಳೇ ಬೋನಿಂದ ಹೊಸ ಬೋನಿಗೆ ದಾಟಿಸಿದ ಕೈ ಇದು! ಎರಡೂವರೆ ವರ್ಷದ ಮಗಳನ್ನ ತೊಟ್ಟಿಲಿಂದ ಮಂಚಕ್ಕೆ ದಾಟಿಸೋದು ಯಾವ ಮಹಾ ಕೆಲಸ?”

ಶನಿವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಪತಿರಾಯ ಹೀಗೆ ಘೋಷಿಸಿದಾಗ, ಎದುರಿಗೆ ಕೂತಿದ್ದ ಹೆಂಡತಿಯ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು. ಆಕೆ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ಹೊಸಬರ ಪಕ್ಕ ಕೂತು ತನ್ನ ಕಡೆಯ ಬ್ರೇಕನ್ನು ಒತ್ತಿ ಒತ್ತಿ, ಅಪಾಯದ ವಾಸನೆ ಬಂದಲ್ಲೆಲ್ಲ ಆ ಕಾಲು ಕೆಲಸ ಶುರುಮಾಡಿಬಿಡುತ್ತಿತ್ತು. ಗಂಡ ಎದೆಯುಬ್ಬಿಸಿದಾಗಲಂತೂ ತಪ್ಪದೆ!

ಪತಿರಾಯ ಪ್ರಾಣಿಸಂಗ್ರಹಾಲಯದಲ್ಲಿ ಪ್ರಾಣಿಪಾಲಕ. ಅವನು ಕೆಲಸಕ್ಕೆ ಸೇರಿದಾಗಿನಿಂದ ಅವನ ಸುಪರ್ದಿನಿಂದ ಒಂದು ಮೊಲವೂ ತಪ್ಪಿಸಿಕೊಂಡಿಲ್ಲ. ಈ ಸುದ್ದಿಯನ್ನು ನೆಂಟರಿಗೆ, ನೆರೆಯವರಿಗೆ, ಕೊನೆಗೆ ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿಗೂ ನಿಲ್ಲಿಸಿಕೊಂಡು ಹೇಳಿದ್ದಾನೆ.

ಹೊರಗೆ ಇಷ್ಟೆಲ್ಲ ಜಂಬ, ಒಳಗೆ ಮಾತ್ರ ಪುಕಪುಕ. ಮಗಳನ್ನು ಮನೆಮಂದಿಯೆಲ್ಲ ಕರೆಯುವುದು ಬುಗುರಿ ಎಂದು. ನಿಂತಲ್ಲಿ ನಿಂತದ್ದನ್ನು ಯಾರೂ ನೋಡಿದ್ದಿಲ್ಲ. ಹೋದ ವಾರ ಅವಳು ತೊಟ್ಟಿಲಿನ ಕಂಬಿಸಾಲಿನ ಆಚೆಗೆ ಒಂದು ಕಾಲು ಹಾಕಿ, ಕುದುರೆ ಏರಿದವಳಂತೆ ಗತ್ತಿನಲ್ಲಿ ಕೂತಿದ್ದಳು. ಅಪ್ಪ ಹಾರಿ ಹಿಡಿದುಕೊಂಡ. ಮಗು ನಕ್ಕಿತು, ಅಪ್ಪನಿಗೆ ಮಾತ್ರ ಅಂದಿನಿಂದ ಮನೆಯಲ್ಲಿ ಏನು ದಬಕ್ ಎಂದರೂ ಜೀವ ಬಾಯಿಗೆ ಬರುತ್ತಿತ್ತು. ಮಗಳು ಬಿದ್ದುಬಿಟ್ಟರೆ? ಇದೊಂದೇ ಭಯ. ಅದಕ್ಕೇ ನೆಲಕ್ಕೆ ಹತ್ತಿರವಿರುವ ಪುಟ್ಟ ಮಂಚ ಬಂದಿತ್ತು. ತೊಟ್ಟಿಲು ಕೆಳಮನೆಯ ಟೀಚರ್‌ಗೆ ಎಂದು ತೀರ್ಮಾನವಾಗಿತ್ತು. ಅವರಿಗೆ ಮುಂದಿನ ತಿಂಗಳೇ ಹೆರಿಗೆ.

“ನಾನು ಸಂಜೆ ಬಂದ್ಮೇಲೆ ಇಬ್ರೂ ಸೇರಿ ಮಲಗಿಸೋಣ ಕಣ್ರೀ.”

“ಇದೆಲ್ಲ ನಿನಗೆ ತಿಳಿಯೋ ವಿಷಯ ಅಲ್ಲ. ದಾಟಿಸೋದು ಅಂದ್ರೆ ಒಂದು ವಿದ್ಯೆ! ಪ್ರಾಣಿನ ದಬ್ಬಬಾರದು. ಹೊಸ ಗೂಡು ತನ್ನದೇ ಯೋಚನೆ ಅಂತ ಅದಕ್ಕೆ ಅನ್ನಿಸಬೇಕು. ಹಳೇ ಹಾಸು ಅಲ್ಲಿ ಹಾಕಬೇಕು, ತನ್ನ ವಾಸನೆ ಸಿಕ್ರೆ ಧೈರ್ಯ ಬರತ್ತೆ. ಒಂಚೂರು ತಿಂಡಿ ಇಡಬೇಕು. ಕಣ್ಣಿಗೆ ಕಣ್ಣು ಕೊಡಬಾರದು.”

“ರೀ, ಅವಳು ನಮ್ಮ ಮಗಳು.”

“ಕರಡಿಗೂ ಅಪ್ಪ ಅಮ್ಮ ಇರ್ತಾರೆ!”

ಹೆಂಡತಿ ಇನ್ನೊಮ್ಮೆ ನೆಲ ಒತ್ತಿ, ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟಳು.

ಪತಿರಾಯ ಟೀಚರ್ ಗಂಡನನ್ನು ಕರೆದು ತೊಟ್ಟಿಲು ಇಳಿಸಿದ. ಮೆಟ್ಟಿಲಿನ ತಿರುವಿನಲ್ಲಿ ಅದು ಜಪ್ಪಯ್ಯ ಅಂದರೂ ತಿರುಗದೆ ಸಿಕ್ಕಿಕೊಂಡಿತು. ಒಂದು ಪಕ್ಕದ ಕಂಬಿಸಾಲು ಬಿಚ್ಚಿ ಹೇಗೋ ಟೀಚರ್ ಮನೆಯ ಒಳಕೋಣೆಗೆ ಸೇರಿಸಿದರು. ಎರಡು ಸ್ಕ್ರೂ ಎಲ್ಲೋ ಉರುಳಿಹೋಗಿದ್ದರಿಂದ ಟೀಚರ್ ಗಂಡ ಬೇರೆ ಸ್ಕ್ರೂ ತರಲು ಅಂಗಡಿಗೆ ಹೋದ. ಬುಗುರಿ ಹಿಂದೆ ಹಿಂದೆಯೇ ಮೆಟ್ಟಿಲಿಳಿದು ಬಂದು, ತನ್ನ ತೊಟ್ಟಿಲು ಎಲ್ಲಿ ಹೋಯಿತೆಂದು ಕಣ್ಣರಳಿಸಿ ನೋಡಿಕೊಂಡಳು. ಅಪ್ಪ ಅದನ್ನು ಗಮನಿಸಲಿಲ್ಲ. ಕಣ್ಣಿಗೆ ಕಣ್ಣು ಕೊಡಬಾರದಲ್ಲ!

ಮಧ್ಯಾಹ್ನ ಊಟವಾದ ಮೇಲೆ ಮಹಾಕಾರ್ಯ ಶುರುವಾಯಿತು. ಮಂಚದ ಮೇಲೆ ಹಳೇ ಹೊದಿಕೆ, ಹೊದಿಕೆಯ ಮೇಲೆ ಬಿಸ್ಕತ್ತು. ಮಂಚದ ಎತ್ತರ ಮೊಣಕಾಲಿಗೂ ಬಾರದು. ಆದರೂ ಬಿದ್ದರೆ ಎಂಬ ಯೋಚನೆ ಬಂದು ಸುತ್ತ ದಿಂಬು ಜೋಡಿಸಿದ. ದಿಂಬುಗಳ ನಡುವೆ ಸಂದಿ ಕಂಡಿತು. ಸೋಫಾದ ಮೆತ್ತೆಗಳು ಬಂದವು. ಅವು ಜರುಗಿದರೆ? ಚಳಿಗಾಲದ ರಜಾಯಿಗಳು ಇಳಿದವು. ಕೊನೆಗೆ ತಮ್ಮ ದೊಡ್ಡ ಹಾಸಿಗೆಯನ್ನೂ ಎಳೆದು ತಂದ. ಕೋಣೆಯಲ್ಲಿ ಗಟ್ಟಿ ನೆಲವೆಂಬುದು ಹುಡುಕಿದರೂ ಸಿಗುವಂತಿರಲಿಲ್ಲ!

ಬುಗುರಿ ಬಿಸ್ಕತ್ತಿಗಾಗಿ ಮಂಚ ಏರಿದಳು. ಗೆಲುವು! ಪತಿರಾಯ ಬಾಗಿಲ ಬಳಿ, ರಜಾಯಿಗಳ ರಾಶಿಗೆ ಒರಗಿ, ಮಗಳಿಗೆ ಬೆನ್ನು ಹಾಕಿ ಕಾವಲು ಕೂತ. ಒಂದು ವಾರದಿಂದ ನೆಟ್ಟಗೆ ನಿದ್ದೆ ಮಾಡದ ಜೀವ. ಕೆಳಗೆ ಮೆತ್ತಗೆ, ಹಿಂದೆ ಬೆಚ್ಚಗೆ. ಮಂಚದ ಮೇಲಿನವಳಿಗೆ ಬರಬೇಕಾಗಿದ್ದ ನಿದ್ದೆ ದಾರಿತಪ್ಪಿ ಕಾವಲಿನವನಿಗೆ ಬಂತು.

ಎಚ್ಚರವಾದಾಗ ಮಂಚ ಖಾಲಿ.

ಅವನ ಹೊಟ್ಟೆಯ ಮೇಲೆ ಬಿಸ್ಕತ್ತಿನ ಪುಡಿ ಬಿದ್ದಿತ್ತು. ಮಗಳು ಅಪ್ಪನನ್ನೇ ದಾಟಿಕೊಂಡು ಹೋಗಿದ್ದಳು! ಅಷ್ಟೊಂದು ಮೆತ್ತೆ ಹಾಸಿದ ಮೇಲೆ ಹೆಜ್ಜೆ ಸಪ್ಪಳವಾದರೂ ಎಲ್ಲಿಂದ ಬರಬೇಕು?

“ಬುಗುರೀ… ಅಪ್ಪನ ಜೊತೆ ಆಟನಾ?”

ಮಂಚದ ಕೆಳಗೆ ನೋಡಿದ. ಬಚ್ಚಲಿನ ಬಕೆಟ್ಟಿಗೆ ಕೈ ಹಾಕಿ ತಳ ಮುಟ್ಟಿ ನೋಡಿದ. ಬಟ್ಟೆ ಒಗೆಯುವ ಯಂತ್ರದಲ್ಲಿ ನೋಡಿದ, ಚಪ್ಪಲಿಗೂಡಿನಲ್ಲಿ ನೋಡಿದ, ಫ್ರಿಜ್ಜಿನ ತರಕಾರಿ ಡಬ್ಬಿಯನ್ನೂ ಎಳೆದು ನೋಡಿದ. ಹೆದರಿದವನಿಗೆ ಅಳತೆ ಮರೆತುಹೋಗುತ್ತದೆ. ಆಮೇಲೆ ಕಂಡದ್ದು ಮುಂಬಾಗಿಲು. ಅರ್ಧ ತೆರೆದಿತ್ತು. ತೊಟ್ಟಿಲು ಇಳಿಸಿ ಬಂದವನು ಬಾಗಿಲು ಮುಂದಕ್ಕೆ ತಳ್ಳಿದ್ದನೇ ಹೊರತು ಚಿಲಕ ಹಾಕಿರಲಿಲ್ಲ. ದಿನಾ ಒಂದೊಂದು ಬೋನಿನ ಚಿಲಕವನ್ನೂ ಎರಡೆರಡು ಸಲ ಜಗ್ಗಿ ನೋಡುವ ಮಹಾಶಯ!

ಮಂಚದ ಮೇಲೆ ಹೊದಿಕೆಯೂ ಇರಲಿಲ್ಲ. ಯಾರಾದರೂ ಮಗುವನ್ನು ಹೊದಿಕೆಯಲ್ಲಿ ಸುತ್ತಿಕೊಂಡು… ಮುಂದಕ್ಕೆ ಯೋಚಿಸಲು ಅವನಿಂದಾಗಲಿಲ್ಲ. ಹೆಂಡತಿಗೆ ಫೋನ್ ಮಾಡಲು ಬೆರಳು ಬಾರದೆ, ಕೆಲಸದಲ್ಲಿ ತನ್ನ ಮೇಲಿನವನಾದ ದೊಡ್ಡಣ್ಣನಿಗೆ ಮಾಡಿದ.

“ದೊಡ್ಡಣ್ಣಾ, ಬುಗುರಿ ಕಾಣ್ತಿಲ್ಲ! ಹುಡುಕೋಕೆ ಜನ ಬೇಕು, ಬೇಗ ಬನ್ನಿ!”

ದೊಡ್ಡಣ್ಣ ಹಿಂದೆಮುಂದೆ ನೋಡುವವನಲ್ಲ. ಕೈಗೆ ಸಿಕ್ಕ ಗಾಡಿ ಹತ್ತಿ, ಕೈಗೆ ಸಿಕ್ಕ ಜನರನ್ನು ತುಂಬಿಕೊಂಡು ಬಂದೇಬಿಟ್ಟ. ಗಾಡಿಯ ಪಕ್ಕದಲ್ಲಿ ಬಾಯ್ದೆರೆದ ಚಿರತೆಯ ಚಿತ್ರವಿತ್ತು. ಇಳಿದವರೂ ರೂಢಿಬಲದಿಂದ ದೊಡ್ಡ ಬಲೆ, ಉದ್ದದ ಕೋಲು ಹಿಡಿದೇ ಇಳಿದರು.

ಬೀದಿ ಒಮ್ಮೆ ನೋಡಿತು. ದಿನಸಿ ಅಂಗಡಿಯವನು ಗಿರಾಕಿಯನ್ನು ಒಳಗಿಟ್ಟುಕೊಂಡೇ ಷಟರ್ ಎಳೆದ. ಕಿಟಕಿಗಳು ಪಟಪಟ ಮುಚ್ಚಿಕೊಂಡವು. ಹುಡುಕಲು ಜನ ಬೇಕು ಎಂದಿದ್ದವನ ಬೀದಿಯಲ್ಲಿ ಈಗ ಒಬ್ಬ ನರಪಿಳ್ಳೆಯೂ ಇಲ್ಲ!

“ನಮ್ಮ ಮಗು ನೋಡಿದ್ರಾ?” ಪತಿರಾಯ ಮುಚ್ಚಿದ ಕಿಟಕಿಗಳಿಗೆ ಕೂಗಿದ.

“ಅಯ್ಯಯ್ಯೋ, ಆಗಲೇ ಮಗೂನ ಹೊತ್ಕೊಂಡು ಹೋಯ್ತಾ?”

“ಏನು ಹೊತ್ಕೊಂಡು ಹೋಯ್ತು?”

“ಚಿರತೆ!”

“ಒಂದಲ್ಲ, ಎರಡಂತೆ!” ಎದುರು ಮಹಡಿಯಿಂದ ಇನ್ನೊಂದು ದನಿ ಬಂತು.

ಪತಿರಾಯ ಕೆಳಮನೆ ಟೀಚರ್ ಬಾಗಿಲು ಬಡಿದ. ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿದ್ದ ಅವರು ಗಲಾಟೆ ಕೇಳಿ ಓಡಿಬಂದು, ತೆರೆದಿದ್ದ ಮುಂಬಾಗಿಲಿಗೆ ಅಗುಳಿ ಜಡಿದು, ಪೊರಕೆ ಹಿಡಿದು ನಿಂತಿದ್ದರು.

“ಟೀಚರ್, ಬಾಗಿಲು ತೆಗೀರಿ!”

“ಮೊದಲು ಚಿರತೆ ಹಿಡೀರಿ!”

“ಚಿರತೆ ಇಲ್ಲ ಟೀಚರ್!”

“ಇಲ್ಲದಿದ್ರೆ ಬಲೆ ಯಾಕೆ?”

ದೊಡ್ಡಣ್ಣನ ಜನ ಬೀದಿಯ ಎರಡೂ ತುದಿಗೆ ಓಡಿದರು. ಗಾಡಿಗಳ ಕೆಳಗೆ ಬಗ್ಗಿದರು, ಚರಂಡಿಯ ಚಪ್ಪಡಿ ಎತ್ತಿದರು. ಒಂದೊಂದು ಚಪ್ಪಡಿ ಎತ್ತುವಾಗಲೂ ಪತಿರಾಯ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕರಡಿ, ಬೋನು, ವಿದ್ಯೆ ಎಲ್ಲ ಹಾಳಾಗಿಹೋಗಲಿ, ನನ್ನ ಕೂಸೊಂದು ಸಿಕ್ಕರೆ ಸಾಕು ಎಂದು ಒಳಗೊಳಗೇ ಅಂಗಲಾಚುತ್ತಿದ್ದ.

ಅಷ್ಟರಲ್ಲಿ, ಪಾಠದ ಸುತ್ತಿಗೆ ಹೊರಟಿದ್ದ ಡ್ರೈವಿಂಗ್ ಶಾಲೆಯ ಕಾರು ಬೀದಿ ತಿರುಗಿತು. ನಡೆಸುತ್ತಿದ್ದ ಹೊಸಬ ಬಲೆ ಕಂಡು ಸ್ಟೀರಿಂಗನ್ನೇ ಕೈಬಿಟ್ಟ. ಹೆಂಡತಿಯ ಬಲಗಾಲು ತನ್ನ ಕೆಲಸ ಮಾಡಿತು. ಆಕೆ ಇಳಿದು ಓಡಿಬಂದಳು.

“ಬುಗುರಿ ಇಲ್ಲ ಕಣೇ,” ಎಂದವನೇ ಗಳಗಳ ಅತ್ತುಬಿಟ್ಟ. “ನಿದ್ದೆ ಹೋಗ್ಬಿಟ್ಟೆ. ಬಾಗಿಲು ಹಾಕಿರಲಿಲ್ಲ. ಎಲ್ಲಾ ಕಡೆ ನೋಡಿದ್ವಿ.”

ಹೆಂಡತಿಯ ಮುಖ ಬಿಳುಚಿಕೊಂಡಿತು. ಆದರೂ ಗಂಡನನ್ನು ಬೈಯಲಿಲ್ಲ. ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಹೊದಿಕೆ?”

“ಅದೂ ಇಲ್ಲ.”

“ಕರಡಿ ಹೊಸ ಬೋನಿಂದ ತಪ್ಪಿಸ್ಕೊಂಡ್ರೆ ಮೊದಲು ಎಲ್ಲಿ ಹುಡುಕ್ತೀರಿ?”

ಅಳುತ್ತಿದ್ದರೂ ಪಾಠ ಬಾಯಿಗೆ ಬಂತು. “ಹಳೇ ಬೋನಲ್ಲಿ. ಅದೊಂದು ನಿಯಮ. ದಾಟಿಸಿದ್ಮೇಲೆ ಹಳೇದರ ಬಾಗಿಲು ಮುಚ್ಚಲೇಬೇಕು, ಇಲ್ಲದಿದ್ರೆ ಅದು ಸೀದಾ…”

ಮಾತು ಅಲ್ಲಿಗೇ ನಿಂತಿತು. ದೊಡ್ಡಣ್ಣ, ಬಲೆಯವರು, ಡ್ರೈವಿಂಗ್ ಕಲಿಯಲು ಬಂದ ಹೊಸಬ, ಎಲ್ಲರೂ ಟೀಚರ್ ಮನೆಯ ಬಾಗಿಲ ಕಡೆ ತಿರುಗಿದರು.

“ಟೀಚರ್, ನಾನು ಕಣ್ರೀ. ಬಾಗಿಲು ತೆಗೀರಿ,” ಎಂದಳು ಹೆಂಡತಿ.

ಅಗುಳಿ ಸರಿಯಿತು. ಒಳಕೋಣೆಯಲ್ಲಿ ಒಂದು ಪಕ್ಕ ಬಿಚ್ಚಿದ ತೊಟ್ಟಿಲು. ಅದರಲ್ಲಿ ಹಳೇ ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡು, ಮುಷ್ಟಿಯಲ್ಲಿ ಅರ್ಧ ಬಿಸ್ಕತ್ತು ಹಿಡಿದು, ಬುಗುರಿ ಗಾಢನಿದ್ದೆಯಲ್ಲಿದ್ದಳು. ಜೀವನದಲ್ಲಿ ಮೊದಲ ಬಾರಿಗೆ ನಿಂತ ಬುಗುರಿ!

“ನಾನು ಅಗುಳಿ ಹಾಕುವಾಗ ಒಳಗೇ ಇದ್ಳಾ?” ಎಂದ ಟೀಚರ್ ಪೊರಕೆ ಸಮೇತ ಕುರ್ಚಿಗೆ ಕುಸಿದರು.

ಪತಿರಾಯ ಮಗಳ ಉಸಿರಿಗೆ ಕೈ ಅಡ್ಡ ಹಿಡಿದು ನೋಡಿದ. ಬೆಚ್ಚಗಿತ್ತು. ಕಣ್ಣೊರೆಸಿಕೊಳ್ಳುತ್ತಲೇ ಜಂಬ ಇಣುಕಿತು. “ನೋಡಿದ್ಯಾ, ಹೇಗೆ ಹತ್ತಿದಾಳೆ! ಈ ತೊಟ್ಟಿಲು ಎಷ್ಟು ಅಪಾಯ ಅಂತ ನಾನು ಅವತ್ತೇ ಹೇಳಿದ್ದೆ.”

“ಹತ್ತೋದೇನು ಬಂತು? ಒಂದು ಪಕ್ಕದಲ್ಲಿ ಕಂಬಿಯೇ ಇಲ್ಲ. ಆರಾಮಾಗಿ ಹೋಗಿ ಮಲಗಿದಾಳೆ. ಒಂದು ಪಕ್ಕ ಬಿಚ್ಚಿದ ತೊಟ್ಟಿಲಿಗೆ ಏನಂತಾರೆ ಗೊತ್ತಾ?”

“ಏನಂತಾರೆ?”

“ಮಂಚ.”

ದೊಡ್ಡಣ್ಣ ಕೆಮ್ಮಿದ. ಬಲೆ ಹಿಡಿದವರು ಛಾವಣಿ ನೋಡಿದರು. ಸಂಜೆ ಅದೇ ಬಲೆಯವರು ತೊಟ್ಟಿಲನ್ನು ಅದೇ ಮೆಟ್ಟಿಲಿನಲ್ಲಿ ಮೇಲಕ್ಕೆ ಹೊತ್ತರು. ಟೀಚರ್ ಮಗುವಿಗೆ ಹೊಸ ತೊಟ್ಟಿಲು ಕೊಡಿಸುವುದೆಂದಾಯಿತು. ಪತಿರಾಯ ಮುಂಬಾಗಿಲ ಚಿಲಕ ಹಾಕಿ, ಜಗ್ಗಿ ನೋಡಿ, ಮತ್ತೆ ಜಗ್ಗಿ ನೋಡಿ, ಅಲ್ಲಿಯೇ ಚಾಪೆ ಹಾಸಿಕೊಂಡ.

ಸೋಮವಾರ ಕೆಲಸಕ್ಕೆ ಹೋದರೆ ದೊಡ್ಡಣ್ಣ ಕರಡಿ ಬೋನಿನ ಬೀಗದ ಕೈ ವಾಪಸ್ ಇಸಿದುಕೊಂಡು, ಅವನ ಹೆಗಲ ಮೇಲೆ ಪ್ರೀತಿಯಿಂದ ಕೈ ಹಾಕಿ ಆಮೆಗಳ ಕೊಳದ ಬಳಿಗೆ ಕರೆದೊಯ್ದ.

“ಇವತ್ತಿಂದ ಇವು ನಿನ್ನ ಪಾಲಿಗೆ ಕಣಪ್ಪಾ. ಇವು ತಪ್ಪಿಸ್ಕೊಂಡು ಓಡಿದ್ರೂ ಚಿಂತೆ ಇಲ್ಲ. ಒಂದು ನಿದ್ದೆ ಮುಗಿಸಿ ಎದ್ದು ಹಿಡೀಬಹುದು!”