ಟ್ಯಾಂಕಿನೊಳಗೆ ಕಡಲ ತಾಲೀಮು

"ಸ್ಪರ್ಧೆ ದಿನ ಬಂದರಿನ ಕಟ್ಟೆಯಿಂದ ಧುಮುಕಿದೆ ಅಂದ್ರೆ, ದೀಪದ ಬಂಡೆ ಹತ್ರಾನೇ ನಾನು ತಲೆ ಎತ್ತೋದು," ಎಂದು ಜಾಕಣ್ಣ ಊಟದ ತಟ್ಟೆಯ ಮುಂದೆ ಘೋಷಿಸಿದ.

"ಉಸಿರಾಡೋಕಾದ್ರೂ ನಡುವೆ ಒಂದ್ಸಲ ಎತ್ತಿ ರೀ," ಎಂದಳು ಹೆಂಡತಿ, ಲೋಟಕ್ಕೆ ನೀರು ಬಗ್ಗಿಸುತ್ತಾ.

ಜಾಕಣ್ಣ ಬಸ್ ಡಿಪೋದ ನಿವೃತ್ತ ಮೆಕ್ಯಾನಿಕ್. ಜಾಕ್ ಇಲ್ಲದಿದ್ದರೂ ಹೆಗಲು ಕೊಟ್ಟೇ ಬಸ್ಸೆತ್ತುವ ಗಟ್ಟಿಗನೆಂದು ಜೊತೆಯವರು ಇಟ್ಟ ಹೆಸರು. ಡಿಪೋದ ಹಿಂಗೋಡೆಯ ಆಚೆಗೇ ಕಡಲು. ಇಂಜಿನ್ನುಗಳೆಲ್ಲ ಬಾಯಿ ಮುಚ್ಚುವ ಊಟದ ಹೊತ್ತಿನಲ್ಲಿ, ಬಸ್ಸಿನ ಹೊಟ್ಟೆಯಡಿ ಅಂಗಾತ ಮಲಗಿದವನಿಗೆ ಅಲೆಯ ಸದ್ದು ಕೇಳುತ್ತಿತ್ತು. ಮೂಗಿನ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿದ್ದರೂ ಮನಸ್ಸು ಗೋಡೆ ಹಾರಿ ಹೋಗಿ ತೇಲುತ್ತಿತ್ತು. ನಾಳೆ ಹೋದರಾಯಿತು, ನಾಳೆ ಹೋದರಾಯಿತು ಎನ್ನುತ್ತಲೇ ಕೂದಲು ನೆರೆಯಿತು. ನಿವೃತ್ತನಾದ ಮರುದಿನವೇ ಹೋಗಿ ನೀರಿಗಿಳಿದ. ಕುತ್ತಿಗೆಯವರೆಗೆ ಕಡಲು ಬಂದು ತಬ್ಬಿಕೊಂಡಾಗ, ಕಳೆದುಹೋದ ಒಡಹುಟ್ಟು ಸಿಕ್ಕಂತೆ ಅತ್ತುಬಿಟ್ಟ. ಉಪ್ಪುನೀರಿಗೆ ಉಪ್ಪುನೀರು ಬೆರೆತದ್ದು ಯಾರಿಗೆ ತಿಳಿಯಬೇಕು?

ಅಂದಿನಿಂದ ದಿನವೂ ಈಜಿ ಪಳಗಿ, ಈಗ ಕಡಲ ನಡುವೆ ದೀಪಸ್ತಂಭ ಹೊತ್ತ ದೀಪದ ಬಂಡೆಯವರೆಗಿನ ಈಜು ಸ್ಪರ್ಧೆಗೆ ಹೆಸರು ಕೊಟ್ಟಿದ್ದ. ಅಡ್ಡಿ ಒಂದೇ: ಪ್ರತಿ ಈಜುಗಾರನ ಪಕ್ಕದ ದೋಣಿಯಲ್ಲಿ ಅವನ ಮನೆಯವರೊಬ್ಬರು ಇರಲೇಬೇಕು. ಇಲ್ಲವಾದರೆ ನೀರಿಗೆ ಬಿಡುವುದಿಲ್ಲ. ಜಾಕಣ್ಣನಿಗೆ ಮನೆಯವರೆಂದರೆ ಹೆಂಡತಿಯೊಬ್ಬಳೇ.

"ನಾನು ದೋಣಿ ಹತ್ತಲ್ಲ. ನೀವು ಮುಳುಗೋದನ್ನ ಮುಂದಿನ ಸೀಟಲ್ಲಿ ಕೂತು ನೋಡ್ಲಾ?"

"ನನ್ನ ತಯಾರಿ ನೋಡು ಕಣೇ. ಆಮೇಲೆ ಮಾತಾಡು."

ತಯಾರಿ ಮರುದಿನ ಬೆಳಿಗ್ಗೆಯೇ ಶುರುವಾಯಿತು. ತಣ್ಣೀರಿಗೆ ಮೈ ಒಗ್ಗಬೇಕು, ಚರ್ಮ ಉಜ್ಜಿಹೋಗದಂತೆ ಗ್ರೀಸು ಬಳಿಯಬೇಕು ಎಂದು ಹಳೆಯ ಈಜುಗಾರರು ಹೇಳಿದ್ದರು. ಅವರು ಹೇಳಿದ್ದು ಮೈಗೆ ಹಚ್ಚುವ ಮುಲಾಮನ್ನು. ಡಿಪೋದಲ್ಲಿ ಜೀವ ತೇದವನಿಗೆ ಗ್ರೀಸೆಂದರೆ ಚಕ್ರದ ಬೇರಿಂಗಿಗೆ ತುಂಬುವ ಕಪ್ಪು ಗ್ರೀಸು. ಡಬ್ಬಿ ಪೂರ್ತಿ ಬಳಿದುಕೊಂಡು, ತಾರಸಿಯ ಸಿಮೆಂಟು ಟ್ಯಾಂಕಿನೊಳಗೆ ಪಟ್ಟಾಭಿಷೇಕಕ್ಕೆ ಹೊರಟ ತಿಮಿಂಗಿಲದಂತೆ ಇಳಿದ. ಕಣ್ಣು ಮುಚ್ಚಿದ. ಆಹಾ, ಕಡಲೇ!

ಆ ನೀರು ಕಟ್ಟಡದ ನಲ್ಲಿಗಳಿಗೆಲ್ಲ ಇಳಿಯುತ್ತದೆ ಎಂಬುದು ಮಾತ್ರ ತಿಮಿಂಗಿಲಕ್ಕೆ ಹೊಳೆಯಲಿಲ್ಲ.

ಕೆಳಮನೆಯಲ್ಲಿ ಹಲ್ಲಿನ ಡಾಕ್ಟರ ಚಿಕಿತ್ಸಾಲಯ. ಬಾಯಿ ಮುಕ್ಕಳಿಸಿದ ರೋಗಿಯ ಒಳ್ಳೆಯ ಹಲ್ಲುಗಳೂ ಕಪ್ಪಾದವು. ತಲೆಗೆ ಸೋಪು ಹಚ್ಚಿದ್ದ ಹೆಂಡತಿ ನೀರು ಸುರಿದುಕೊಂಡಷ್ಟೂ ಜಿಡ್ಡಾದಳು. ಡಾಕ್ಟರೂ ಅವಳೂ ಒಟ್ಟಿಗೇ ತಾರಸಿ ಹತ್ತಿದರು.

"ರೀ, ಹೊರಗೆ ಬನ್ನಿ."

"ಬರೋಕಾಗ್ತಿಲ್ಲ ಕಣೇ. ಹಿಡಿದದ್ದೆಲ್ಲ ಜಾರ್ತಿದೆ."

ಡಾಕ್ಟರು ಕೈ ಹಿಡಿದೆಳೆದರು. ಕೈ ಮೀನಿನಂತೆ ನುಣುಚಿ, ಅವರು ಅಂಡೂರಿ ಕೂತರು. "ಹಲ್ಲಾಗಿದ್ರೆ ಇಕ್ಕಳ ಹಾಕಿ ಕೀಳ್ತಿದ್ದೆ ಜಾಕಣ್ಣ," ಎಂದರು ಏದುಸಿರು ಬಿಡುತ್ತಾ. ಕೊನೆಗೆ ಒಣಗಲು ಹಾಕಿದ್ದ ಹೊದಿಕೆಯನ್ನು ಕಂಕುಳಿಗೆ ಸುತ್ತಿ ಎಳೆದಾಗ, ಬಸ್ಸೆತ್ತುವ ಗಟ್ಟಿಗ ಇಬ್ಬರ ಮೇಲೂ ದೊಪ್ಪನೆ ಬಿದ್ದ.

ಡಾಕ್ಟರು ಗೊಣಗುತ್ತಾ ಇಳಿದುಹೋದರು. ಹೆಂಡತಿ ಹಳೇ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅವನ ಬೆನ್ನುಜ್ಜತೊಡಗಿದಳು. ತಾರಸಿಯಿಂದ ಕಡಲು ಕಾಣುತ್ತಿತ್ತು. ದೂರದಲ್ಲಿ ಬೆರಳಿನಷ್ಟು ದೀಪದ ಬಂಡೆ.

"ಬಿಟ್ಟೆ ಕಣೇ," ಎಂದ ಜಾಕಣ್ಣ ಸಣ್ಣ ದನಿಯಲ್ಲಿ. "ಟ್ಯಾಂಕಿಂದಲೇ ಹೊರಗೆ ಬರೋಕಾಗದವನಿಗೆ ಕಡಲು ಯಾಕೆ?"

"ಆ ಬಂಡೆ ಆಚೆ ಏನಿದೆ?"

"ಏನಿಲ್ಲ. ಬರೀ ನೀರಂತೆ. ಕಣ್ಣು ಹೋದಷ್ಟೂ ನೀರು."

ಉಜ್ಜುತ್ತಿದ್ದ ಕೈ ನಿಂತಿತು. "ಮದುವೆಯಾಗಿ ಬಂದಾಗಿಂದ ಇಲ್ಲಿ ಬಟ್ಟೆ ಹರವುತ್ತಾ ಅದನ್ನೇ ನೋಡ್ತಿದೀನಿ. ಮುಳುಗಿದ್ರೆ ಎತ್ತೋಕೆ ಬಾ ಅಂತ ಕರೆದ್ರಿ. ನೋಡೋಕೆ ಬಾ ಅಂತ ಒಂದು ದಿನ ಕರೀಲಿಲ್ಲ."

ಗೋಡೆಯಾಚೆಯ ಅಲೆಯ ಸದ್ದು ತನಗೊಬ್ಬನಿಗೇ ಎಂದುಕೊಂಡಿದ್ದವನು ಅವಳತ್ತ ತಿರುಗಿದ. "ನೋಡೋಕೆ ಬರ್ತೀಯಾ?"

"ಬರ್ತೀನಿ. ಆದ್ರೆ ನಡುವೆ ಸುಸ್ತಾದ್ರೆ ದೋಣಿ ಹತ್ತಿ ತೆಪ್ಪಗೆ ಮೂಲೇಲಿ ಕೂತ್ಕೊಳ್ಳಿ. ನಿಮ್ಮೊಬ್ಬರಿಗೋಸ್ಕರ ದೋಣಿ ವಾಪಸ್ ತಿರುಗಿಸೋಕೆ ನಾನು ಬಿಡಲ್ಲ."